ಕೆರೆ ಹೊತ್ತಿಗೆ ಒಂದು ಹನಿ

ನಮ್ಮೂರಿನ ಮೇಲೆ ದಿನಾ ಸಂಜೆ ಒಂದು ಕೆರೆ ಹಾದುಹೋಗುತ್ತದೆ. ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ ಅಂತ ಊರಿನವರನ್ನು ಕೇಳಿ ನೋಡಿ, ನಿಮ್ಮನ್ನೇ ಒಂದು ಥರ ನೋಡುತ್ತಾರೆ. ಅಕ್ಕಿ ಗಿರಣಿಯ ಕಡೆಯಿಂದ ಬರುತ್ತದೆ, ತೆಂಗಿನ ಮರಗಳಿಗಿಂತ ಒಂದಾಳು ಮೇಲೆ ನಿಧಾನವಾಗಿ ಸಾಗುತ್ತದೆ, ರೈಲ್ವೆ ಗೇಟು ದಾಟಿ ಮರೆಯಾಗುತ್ತದೆ. ಎಲ್ಲಾ ಸೇರಿ ನಾಲ್ಕೂವರೆ ನಿಮಿಷ. ಕೆಳಗೆ ನಿಂತವರಿಗೆ ಮೀನುಗಳ ಬಿಳಿ ಹೊಟ್ಟೆ ಕಾಣುತ್ತದೆ, ತಾವರೆಯ ಬೇರು ಕಾಣುತ್ತದೆ, ಈಜಿಗೆ ಬಿದ್ದ ಎಮ್ಮೆಗಳ ಕಾಲು ಕಾಣುತ್ತದೆ, ಒಂದು ಹರಿಗೋಲಿನ ತಳ ಗಿರಗಿರ ತಿರುಗುತ್ತಾ ಹೋಗುವುದು ಕಾಣುತ್ತದೆ. ಅಷ್ಟು ಹೊತ್ತೂ ಬೀದಿಯೆಲ್ಲ ತಿಳಿಹಸಿರು. ಒಂದೇ ಒಂದು ತೊಟ್ಟು ನೀರು ಮಾತ್ರ ಇವತ್ತಿನವರೆಗೂ ಯಾರ ತಲೆ ಮೇಲೂ ಬಿದ್ದಿಲ್ಲ.

ನಾನು ಈ ಊರಿನಲ್ಲಿ ಹುಟ್ಟಿದವಳಲ್ಲ, ಮದುವೆಯಾಗಿ ಬಂದವಳು. ಬಂದ ದಿನವೇ ನಮ್ಮ ಬಸ್ಸು ಪೇಟೆ ಮಧ್ಯೆ ಗಕ್ಕನೆ ನಿಂತಿತು. ಡ್ರೈವರ್ ಇಳಿದ, ಕಂಡಕ್ಟರ್ ಇಳಿದ, ಹೊಸ ಗಂಡನೂ ನನ್ನನ್ನು ಸೀಟಿನಲ್ಲೇ ಬಿಟ್ಟು ಇಳಿದ. ಎಲ್ಲರೂ ಕತ್ತೆತ್ತಿ ಬಾಯಿ ತೆರೆದುಕೊಂಡು ನಿಂತರು. ಕ್ಷೌರದಂಗಡಿಯಿಂದ ಅರ್ಧ ಗಡ್ಡ ತೆಗೆಸಿಕೊಂಡ ಒಬ್ಬ, ಕೆನ್ನೆ ತುಂಬ ಸೋಪಿನ ನೊರೆಯೊಂದಿಗೆ ಹೊರಗೆ ಬಂದು ನಿಂತ. ಅಯ್ಯೋ ದೇವರೇ, ಎಂಥಾ ಊರಿಗೆ ಕೊಟ್ಟರಪ್ಪ ನನ್ನನ್ನು ಅಂದುಕೊಂಡೆ. ಆಮೇಲೆ ಅಭ್ಯಾಸವಾಯಿತು. ಇಲ್ಲಿ ಅಡಿಗೆ ಮಾಡುವವರು ಕೆರೆಗೆ ಮುಂಚೆ ಒಲೆ ಆರಿಸುತ್ತಾರೆ, ಮುಹೂರ್ತ ಇಡುವವರು ಕೆರೆ ತಪ್ಪಿಸಿ ಇಡುತ್ತಾರೆ, ಜಗಳವಾಡುವವರು ಕೂಡ ‘ತಡಿ, ಕೆರೆ ಹೋಗ್ಲಿ’ ಅಂತ ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಗೋಡೆ ಮೇಲೆ ಗಡಿಯಾರವಿದ್ದರೂ ಹೊತ್ತು ಹೇಳುವುದು ಕೆರೆಯಿಂದಲೇ.

ನನ್ನ ಕೆಲಸ ಕಣ್ಣಾಸ್ಪತ್ರೆಯಲ್ಲಿ. ದೊಡ್ಡ ಆಸ್ಪತ್ರೆ ಅಂದುಕೊಳ್ಳಬೇಡಿ, ಎರಡು ಕೋಣೆ, ಒಂದು ಬೆಂಚು. ಗುರುವಾರ ಗುರುವಾರ ಬೇರೆ ಊರಿನಿಂದ ಡಾಕ್ಟರಮ್ಮ ಬರುತ್ತಾರೆ. ಅವರು ನೋಡುತ್ತಾರೆ, ಹೇಳುತ್ತಾರೆ; ನಾನು ಚೀಟಿ ಬರೆಯುತ್ತೇನೆ, ಡ್ರಾಪ್ಸ್ ಕೊಡುತ್ತೇನೆ, ಹೇಗೆ ಹಾಕಿಕೊಳ್ಳಬೇಕು ಅಂತ ಬಾಯಿ ನೋಯುವವರೆಗೆ ಹೇಳುತ್ತೇನೆ. ಹೆಸರು ಪಂಕಜಾಕ್ಷಿ. ಕಣ್ಣಾಸ್ಪತ್ರೆಗೆ ತಕ್ಕ ಹೆಸರು ಅಂತ ನಕ್ಕವರೇ ಎಲ್ಲಾ. ನನಗೆ ಒಂದು ಕೆಟ್ಟ ಚಾಳಿಯಿದೆ, ಮುಚ್ಚುಮರೆ ಯಾಕೆ, ಕಂಡವರ ವಿಷಯದಲ್ಲೆಲ್ಲ ಮೂಗು ತೂರಿಸುವುದು. ಆ ಚಾಳಿ ನೋಡಿಯೇ ಡಾಕ್ಟರಮ್ಮ ಒಂದು ಗುರುವಾರ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಪಂಕಜಾಕ್ಷಿ, ನಮ್ಮಲ್ಲಿ ಗ್ಲಾಕೋಮ ಇರೋರು ಎಷ್ಟು ಜನ?”

“ನಲವತ್ತಮೂರು ಮೇಡಂ.”

“ಎಲ್ಲರೂ ಡ್ರಾಪ್ಸ್ ಹಾಕ್ಕೋತೀವಿ ಅಂತಾರೆ. ಖಾಲಿ ಬಾಟ್ಲಿ ತಂದು ತೋರಿಸ್ತಾರೆ. ಆದ್ರೆ ಕಣ್ಣಿನ ಪ್ರೆಶರ್ ಒಬ್ಬರದ್ದೂ ಇಳೀತಿಲ್ಲ. ಮೂರು ಸಲ ಔಷಧಿ ಬದಲಾಯಿಸಿದೆ. ಒಂದೋ ಔಷಧಿ ಸುಳ್ಳು ಹೇಳ್ತಿದೆ, ಇಲ್ಲಾ ಜನ ಸುಳ್ಳು ಹೇಳ್ತಿದಾರೆ. ಸ್ವಲ್ಪ ನೋಡ್ತೀಯಾ?”

ನೋಡುತ್ತೀಯಾ ಅಂತ ಬೇರೆ ಕೇಳಬೇಕೆ! ಮಾರನೆಯ ದಿನದಿಂದಲೇ ಮನೆಮನೆ ತಿರುಗಲು ಶುರುಮಾಡಿದೆ.

ಈ ಕಾಯಿಲೆಯ ಕಿತಾಪತಿಯೇ ಬೇರೆ. ನೋಯುವುದಿಲ್ಲ, ಕೆಂಪಾಗುವುದಿಲ್ಲ. ಕಣ್ಣಿನ ಒಳಗಿನ ಒತ್ತಡ ಏರಿ, ನೋಟವನ್ನು ಅಂಚಿನಿಂದ ಒಂದು ಚೂರು, ಇನ್ನೊಂದು ಚೂರು ಅಂತ ತಿನ್ನುತ್ತಾ ಬರುತ್ತದೆ. ನಟ್ಟನಡುವೆ ಚೆನ್ನಾಗಿಯೇ ಕಾಣುತ್ತಿರುವುದರಿಂದ, ಕಳೆದುಕೊಂಡವರಿಗೇ ಕಳೆದದ್ದು ಗೊತ್ತಾಗುವುದಿಲ್ಲ. ಹೋದದ್ದು ವಾಪಸು ಬರುವುದೂ ಇಲ್ಲ. ಡ್ರಾಪ್ಸ್ ಹಾಕಿದರೆ ಉಳಿದದ್ದು ಉಳಿಯುತ್ತದೆ, ಅಷ್ಟೇ. ದಿನಾ ಹಾಕಬೇಕು, ಬದುಕಿರುವವರೆಗೂ ಹಾಕಬೇಕು. ಹಾಕಿದ್ದರಿಂದ ಏನೋ ಒಳ್ಳೆಯದಾಯಿತು ಅಂತ ಒಂದು ದಿನವೂ ಅನ್ನಿಸುವುದಿಲ್ಲ.

ಮೊದಲು ಹೂವಿನ ಜರೀನಾಬಿಯ ಮನೆ. ಮೊಳ ಹಾಕುತ್ತಾ ಕೂತಿದ್ದವಳು ನನ್ನನ್ನು ಕಂಡಿದ್ದೇ ಮಲ್ಲಿಗೆ ಬುಟ್ಟಿ ಪಕ್ಕಕ್ಕಿಟ್ಟಳು. “ನೋವಿಲ್ಲ, ನೀರು ಸೋರಲ್ಲ, ಸೂಜಿಗೆ ದಾರ ಪೋಣಿಸ್ತೀನಿ. ಕಾಯಿಲೆ ಎಲ್ಲಿದೆ ತೋರ್ಸಮ್ಮ, ನಾನೂ ನೋಡ್ತೀನಿ” ಅಂದಳು. ಡ್ರಾಪ್ಸ್ ಹಾಕ್ಕೋತೀಯಾ ಅಂದರೆ, “ಹಾಕ್ಕೋತೀನಲ್ಲಾ!” ಯಾವಾಗ ಅಂದೆ. ಅವಳ ಕೈ ಹೂವಿನ ಕಡೆಗೆ ಹೋಯಿತು. “ನೀವು ಹೇಳಿದ ಹೊತ್ತಿಗೇ” ಅಂದವಳು ಆಮೇಲೆ ನನ್ನ ಮುಖ ನೋಡಲಿಲ್ಲ.

ಡ್ರಾಯಿಂಗ್ ಮೇಷ್ಟ್ರು ನಂಜುಂಡಯ್ಯನವರು ರಿಟೈರಾದರೂ ಶಿಸ್ತು ಬಿಟ್ಟವರಲ್ಲ. ಗೋಡೆಯ ಕ್ಯಾಲೆಂಡರ್ ತೋರಿಸಿದರು. ಪ್ರತಿ ದಿನದ ಮನೆಯಲ್ಲೂ ಕೆಂಪು ಪೆನ್ಸಿಲ್ಲಿನ ಗುರುತು, ಒಂದೂ ತಪ್ಪಿಲ್ಲ. ನನಗೆ ಕಣ್ಣು ತುಂಬಿ ಬಂತು ಅಂತಲೇ ಇಟ್ಟುಕೊಳ್ಳಿ. ಹತ್ತಿರ ಹೋಗಿ ನೋಡಿದರೆ ಗುರುತು ಇನ್ನೂ ಬಾರದ ಶನಿವಾರಕ್ಕೂ ಇತ್ತು, ಭಾನುವಾರಕ್ಕೂ ಇತ್ತು, ತಿಂಗಳ ಕೊನೆಯವರೆಗೂ ಇತ್ತು.

“ಮೇಷ್ಟ್ರೇ, ಭಾನುವಾರದ್ದೂ ಈಗ್ಲೇ ಹಾಕ್ಕೊಂಡ್ರಾ?”

“ಅದು... ಮುಂಗಡ” ಅಂದರು ಮೇಷ್ಟ್ರು, ಕಿವಿ ಕೆಂಪಗೆ ಮಾಡಿಕೊಂಡು.

ಹೀಗೆ ಹನ್ನೆರಡು ಮನೆ ಮುಗಿಸುವಷ್ಟರಲ್ಲಿ ತಲೆ ಚಿಟ್ಟುಹಿಡಿಯಿತು. ಒಬ್ಬಾಕೆ ಬಾಟಲಿಯನ್ನು ಬುಧವಾರ ತುಳಸಿ ಕಟ್ಟೆಗೆ ಹಿಂಡಿ ಗುರುವಾರ ಖಾಲಿ ತೋರಿಸುತ್ತಿದ್ದಳು. ತುಳಸಿ ಚೆನ್ನಾಗಿಯೇ ಬಂದಿತ್ತು ಅನ್ನಿ. ಸೋಮಾರಿತನ ಅನ್ನೋಣವೆಂದರೆ ಇದೇ ಜನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಂದು ದಿನ ತಪ್ಪಿಸುವುದಿಲ್ಲ. ಹೆದರಿಕೆ ಅನ್ನೋಣವೆಂದರೆ ಇಂಜೆಕ್ಷನ್ನಿಗೆ ತೋಳು ಒಡ್ಡಿಕೊಂಡು ಕೂರುತ್ತಾರೆ. ಎಲ್ಲರೂ ಒಂದೇ ಕಡೆ ತಡವರಿಸುತ್ತಿದ್ದರು: ಯಾವ ಹೊತ್ತಿಗೆ ಅಂತ ಕೇಳಿದಾಗ. ಅಲ್ಲಿ ಏನೋ ಇದೆ ಅಂತ ನನ್ನ ಮೂಗಿಗೆ ಬಡಿಯಿತು. ಹೊತ್ತಿಗೆ ಸರಿಯಾಗಿ ಒಬ್ಬರ ಮನೆಯಲ್ಲಿ ಹೋಗಿ ಕೂತೇ ಬಿಡೋಣ ಅಂದುಕೊಂಡೆ.

ಆರಿಸಿಕೊಂಡದ್ದು ಸೈಕಲ್ ಪಂಕ್ಚರ್ ಅಂಗಡಿಯ ತಿಪ್ಪೇರುದ್ರಪ್ಪಣ್ಣನ ಮನೆ. ಅಂಗಡಿ ಮುಂದೆ, ಮನೆ ಹಿಂದೆ. ಅಲ್ಲಿಗೆ ಹೋಗಲು ಕಾರಣವಿತ್ತು. ಅವನ ಅಕ್ಕ ಗುರುಸಿದ್ದಮ್ಮ, ಊರಿಗೆಲ್ಲ ಸಿದ್ದಕ್ಕ, ನನ್ನ ಮೊದಮೊದಲ ರೋಗಿ. ಹನ್ನೊಂದು ವರ್ಷದ ಹಿಂದೆ ಅವಳಿಗೆ ಇದೇ ಗ್ಲಾಕೋಮ ಅಂತ ಗೊತ್ತಾಯಿತು. ಪ್ರತಿ ಗುರುವಾರ ಬಂದು ‘ಹಾಕ್ಕೊಂಡೆ ಕಣೇ ಪಂಕಜಿ, ದಿನಾ ಹಾಕ್ಕೋತೀನಿ’ ಅನ್ನುತ್ತಲೇ ಇದ್ದಳು, ನೋಟ ಕಿರಿದಾಗುತ್ತಲೇ ಹೋಯಿತು. ನಾಲ್ಕು ವರ್ಷದಿಂದ ಪೂರ್ತಿ ಕತ್ತಲು. ಮೊಂಡು ಹೆಂಗಸು, ಮಾತು ಕೇಳಲಿಲ್ಲ ಅಂತ ನಾನೇ ಎಷ್ಟು ಜನರ ಹತ್ತಿರ ಹೇಳಿದ್ದೆ. ಈ ಕಾಯಿಲೆ ಒಡಹುಟ್ಟಿದವರಲ್ಲಿ ಬರುತ್ತದೆ ಅಂತ ಡಾಕ್ಟರಮ್ಮ ಹಟ ಹಿಡಿದು ತಮ್ಮನನ್ನೂ ಕರೆಸಿದರು. ಹದಿನಾಲ್ಕು ತಿಂಗಳಾಯಿತು ಅವನಿಗೂ ಡ್ರಾಪ್ಸ್ ಶುರುವಾಗಿ. ಈಚೆಗೆ ಅವನ ಎಡಭುಜದ ಅಂಗಿ ಬಾಗಿಲಿಗೆ ತಾಗಿ ತಾಗಿ ಹರಿದಿರುವುದನ್ನು ನಾನು ಗಮನಿಸಿದ್ದೆ.

ಹೋದಾಗ ಸಿದ್ದಕ್ಕ ಜಗಲಿಯ ಹಗ್ಗದ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ನನ್ನ ಚಪ್ಪಲಿ ಸದ್ದಿಗೇ, “ಪಂಕಜೀನಾ? ಏನೇ, ಈ ಹೊತ್ತಲ್ಲಿ? ಬಾ, ಕೂತ್ಕೋ. ಕೆರೆ ನೋಡ್ಕೊಂಡು ಹೋಗು” ಅಂದಳು. ರುದ್ರಪ್ಪಣ್ಣ ಟ್ಯೂಬು ತೊಟ್ಟಿಯಲ್ಲಿ ಅದ್ದಿದ್ದವನು ಕೈ ಒರೆಸಿಕೊಂಡು ಬೀದಿಗೆ ಇಳಿದು, ಸೊಂಟಕ್ಕೆ ಕೈ ಕೊಟ್ಟು, ಕತ್ತೆತ್ತಿ ನಿಂತ. ನನಗೊಂದು ನಮಸ್ಕಾರ ಹೇಳಿದ ಸೈ, ಕಣ್ಣು ಮೇಲೇ ಇತ್ತು. ಬೀದಿ ಹಸಿರಾಗತೊಡಗಿತು.

“ಎಲ್ಲಿಗೆ ಬಂತೋ?” ಅಂದಳು ಸಿದ್ದಕ್ಕ.

“ಗಿರಣಿ ದಾಟ್ತು ಅಕ್ಕ. ನೀರು ಇವತ್ತು ತಿಳಿಯಾಗಿದೆ. ಮೀನು ಒಂದು ಹಿಂಡು ಮುಂದೆ ಬರ್ತಿದೆ, ಬೆಳ್ಳಗೆ, ಅಕ್ಕಿ ಚೆಲ್ಲಿದಂಗೆ.”

“ಎಮ್ಮೆ?”

“ಮೂರು.”

ನಾನು ಎಣಿಸಿದೆ. ಐದಿದ್ದವು. ಮೂರು ನಡುವೆ, ಎರಡು ಎಡಗಡೆ ಅಂಚಿನಲ್ಲಿ.

ಆಗ ತಿಳಿಯಿತು ನೋಡಿ, ದಿನಾ ಸಂಜೆ ಈ ಮನೆಯಲ್ಲಿ ಏನು ನಡೆಯುತ್ತದೆ ಅಂತ. ಅವನು ನೋಡಿ ಹೇಳುತ್ತಿದ್ದ, ಅವಳು ಕೇಳಿ ನೋಡುತ್ತಿದ್ದಳು. ಅವಳ ಮುಖ ಆಕಾಶದ ಕಡೆಗೇ ತಿರುಗಿತ್ತು, ಎಮ್ಮೆ ಅಂದರೆ ನಗುತ್ತಿದ್ದಳು, ಬೇರು ಅಂದರೆ ಎಷ್ಟುದ್ದ ಅನ್ನುತ್ತಿದ್ದಳು. ನಾಲ್ಕು ವರ್ಷದಿಂದ ಒಂದು ದಿನ ತಪ್ಪಿಲ್ಲವಂತೆ.

“ಆಮೆ ಬಂತೇನೋ?”

“ಇಲ್ಲ ಅಕ್ಕ. ಆಮೆ ಈಗೀಗ ಬರೋದೇ ಬಿಟ್ಬಿಟ್ಟಿದೆ.”

ಮೊರದಗಲದ ಆಮೆ, ಎಡಗಡೆ, ಪಕ್ಕದ ಮನೆಯ ಹೆಂಚಿನ ಮೇಲೇ ಕೈಕಾಲು ಬಡಿಯುತ್ತಾ ಹೋಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಕೂಗಿದರು: “ಅಯ್ಯೋ, ಆಮೆ ನೋಡ್ರೇ! ನಮ್ಮ ಮನೆ ಮೇಲೇ ಬಂತು!”

ಸಿದ್ದಕ್ಕನ ನಗು ನಿಂತಿತು. ಅವಳು ಮಂಚದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ರುದ್ರ, ಇನ್ನೊಂದ್ಸಲ ಹೇಳು. ಆಮೆ ಏನಾಗಿದೆ?”

“ಬರ್ತಿಲ್ಲ ಅಂದ್ನಲ್ಲಕ್ಕ.”

“ಈ ಮಾತು ನಾನೂ ಆಡಿದ್ದೆ ಕಣೋ. ಇದೇ ಜಗಲಿ ಮೇಲೆ. ಆಮೆ ಬರೋದು ನಿಂತೋಯ್ತು ಅಂತ. ನೀನು ಆಗ ನಕ್ಕಿದ್ದೆ, ಅಕ್ಕನಿಗೆ ಅರಳು ಮರಳು ಅಂತ.” ಅವಳು ಮಂಚದಿಂದ ಕಾಲು ಕೆಳಗಿಳಿಸಿದಳು. “ನಿಜ ಹೇಳು, ನನ್ನಾಣೆ. ಡ್ರಾಪ್ಸ್ ಹಾಕ್ಕೋತಿದೀಯಾ?”

ರುದ್ರಪ್ಪಣ್ಣ ಈಗ ಕತ್ತು ಇಳಿಸಿದ. ಅರುವತ್ತು ದಾಟಿದ ಮನುಷ್ಯ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಅಂಗಿಯ ತುದಿ ತಿರುಚುತ್ತಾ ನಿಂತ.

“ಒಂದಿನಾನೂ ಹಾಕಿಲ್ಲ ಅಕ್ಕ. ಬುಧವಾರ ಬುಧವಾರ ಪಂಕ್ಚರ್ ತೊಟ್ಟಿಗೆ ಹಿಂಡಿಬಿಡ್ತಿದ್ದೆ.”

“ಯಾಕೋ?”

“ಯಾಕೆ ಅಂದ್ರೆ? ಹಾಕಿ ಐದು ನಿಮಿಷ ಕಣ್ಣು ಬಿಡಬಾರದು ಅಂತಾರೆ. ಕೆರೆ ಇರೋದೇ ನಾಲ್ಕೂವರೆ ನಿಮಿಷ. ನಾನು ಕಣ್ಣು ಮುಚ್ಚಿ ಕೂತ್ರೆ ನಿನಗೆ ಕೆರೆ ಹೇಳೋರು ಯಾರು?”

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. “ಅಲ್ಲಾ ರುದ್ರಪ್ಪಣ್ಣ, ಕೆರೆ ನೋಡಿ ಮುಗಿಸಿ ಆಮೇಲೆ ಹಾಕ್ಕೊಂಡ್ರೆ ಆಗ್ತಿರಲಿಲ್ವಾ?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಜೇಬಿನಿಂದ ಮಡಿಸಿ ಮಡಿಸಿ ಮಾಸಿದ ಚೀಟಿ ತೆಗೆದ. “ಆಮೇಲೆ ಹೆಂಗೆ ಹಾಕ್ಕೊಳ್ಳೋದಮ್ಮ? ಇಲ್ಲಿ ಬರೆದಿದೆಯಲ್ಲ, ‘ಕೆರೆ ಹೊತ್ತಿಗೆ ಒಂದು ಹನಿ’ ಅಂತ. ‘ಹೊತ್ತು ತಪ್ಪಿಸಬಾರದು’ ಅಂತ ಕೆಳಗೆ ಗೆರೆ ಬೇರೆ ಎಳೆದಿದೆ. ಕೆರೆ ಹೊತ್ತು ಅಂದ್ರೆ ಕೆರೆ ಮೇಲಿರೋ ಹೊತ್ತು. ತಪ್ಪಿದ ಹೊತ್ತಲ್ಲಿ ಹಾಕಿ, ಇರೋ ಕಣ್ಣೂ ಹೋದ್ರೆ?”

“ನನ್ನ ಚೀಟೀಲೂ ಹಂಗೇ ಇತ್ತು” ಅಂದಳು ಸಿದ್ದಕ್ಕ ಮೆಲ್ಲಗೆ. “ಕೆರೆ ನೋಡೋ ಆಸೆಗೆ ಔಷಧಿ ಬಿಟ್ಟೆ ಅಂತ ಡಾಕ್ಟರಮ್ಮನ ಹತ್ರ ಯಾವ ಬಾಯಲ್ಲಿ ಹೇಳೋದು? ಹೊರಗಿನೋರು, ನಗ್ತಾರೆ. ನಾಳೆ ಹಾಕ್ಕೊಂಡ್ರಾಯ್ತು, ಇವತ್ತೊಂದಿನ ನೋಡ್ಬಿಡ್ತೀನಿ ಅಂತಾನೇ ದಿನಾ ಅಂದ್ಕೋತಿದ್ದೆ.”

ಚೀಟಿಯ ಮೇಲಿದ್ದದ್ದು ನನ್ನ ಅಕ್ಷರ. ದುಂಡಗೆ, ಚೆಂದಗೆ, ನಾನೇ ಬರೆದದ್ದು. ಗೆರೆ ಎಳೆದದ್ದೂ ನಾನೇ. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಸಂಜೆ ಒಂದು ಹನಿ, ದಿನಾ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಊರಿನವರಿಗೆ ಊರಿನ ಮಾತಿನಲ್ಲಿ ಹೇಳೋಣ ಅಂತ ನಾನು ಜಾಣತನ ಮಾಡಿ ಅದನ್ನು ‘ಕೆರೆ ಹೊತ್ತು’ ಅಂತ ಮಾಡಿದ್ದೆ. ನನ್ನ ತವರಿನಲ್ಲಿ ‘ದೀಪ ಹಚ್ಚೋ ಹೊತ್ತು’ ಅಂದರೆ ಆರರಿಂದ ಏಳೂವರೆವರೆಗೆ ಯಾವಾಗ ಬೇಕಾದರೂ ಆದೀತು. ಆ ಲೆಕ್ಕದಲ್ಲೇ ಬರೆದುಬಿಟ್ಟೆ. ಆ ಹೊತ್ತಿನಲ್ಲಿ ನಾನು ಆಸ್ಪತ್ರೆ ಹಿಂದಿನ ತಗಡಿನ ಮಾಡಿನ ಕೆಳಗೆ ಪಾತ್ರೆ ಕುದಿಸುತ್ತಿರುತ್ತೇನೆ, ನನಗೆಲ್ಲಿಯ ಕೆರೆ! ಇಷ್ಟು ವರ್ಷ ಈ ಊರಿನ ನೀರು ಕುಡಿದೂ ಇವರ ಒಂದು ಮಾತಿನ ಅರ್ಥ ತಿಳಿದಿರಲಿಲ್ಲ ನನಗೆ. ನಾಚಿಕೆಯಾಯಿತು. ಸುಮ್ಮನೆ ಎದ್ದು ಹೋಗಿಬಿಡಬಹುದಿತ್ತು, ಹೋಗಬೇಕು ಅಂತ ಅನ್ನಿಸಿತು ಕೂಡ.

“ಸಿದ್ದಕ್ಕ, ಅದು ಬರೆದದ್ದು ನಾನು. ಡಾಕ್ಟರಮ್ಮ ಬರೀ ಸಂಜೆ ಅಂದಿದ್ರು.”

“ಅಂದ್ರೆ?”

“ಅಂದ್ರೆ ಯಾವಾಗ ಹಾಕ್ಕೊಂಡ್ರೂ ಆಗ್ತಿತ್ತು. ಕೆರೆ ಆದ್ಮೇಲೂ ಆಗ್ತಿತ್ತು.”

ಮೇಲೆ ನೀರು ಸಾಗುತ್ತಲೇ ಇತ್ತು, ಅವಳ ಬಿಳಿ ಸೀರೆ ಹಸಿರಾಗಿ ಕಾಣುತ್ತಿತ್ತು.

“ನಾನೂ ಆಮೇಲೆ ಹಾಕ್ಕೋಬೋದಿತ್ತಾ?”

“ಹಾಕ್ಕೋಬೋದಿತ್ತು ಸಿದ್ದಕ್ಕ.”

ಬಯ್ಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, “ಒಟ್ಟು ಎಷ್ಟು ಜನಕ್ಕೆ ಹಿಂಗೆ ಬರೆದಿದೀಯೇ?” ಅಂದಳು.

“ನಲವತ್ತಮೂರು.”

“ನಾಳೆ ಬೆಳಗಾಗ್ತಿದ್ದಂಗೆ ಅವರ ಮನೆಗೆಲ್ಲ ಹೋಗು. ಒಂದು ಮನೇನೂ ಬಿಡ್ಬೇಡ.” ಆಮೇಲೆ ಬೀದಿಯ ಕಡೆ ತಿರುಗಿ, “ರುದ್ರ, ಬಾಟ್ಲಿ ತಾ” ಅಂದಳು.

“ಹಾಕ್ಕೋತೀನಿ ಅಕ್ಕ. ಇನ್ನೆರಡೇ ನಿಮಿಷ, ಕೆರೆ ಹೋಗ್ಲಿ. ಆಮೇಲೆ ಆಗುತ್ತಂತಲ್ಲ...”

“ಆಮೇಲೆ ಬೇಡ. ಆಮೇಲೆ, ನಾಳೆ ಅಂತ ನಾನು ಏಳು ವರ್ಷ ಅಂದಿದೀನಿ. ನಾಳೆಯಿಂದ ನೀನು ಯಾವಾಗ ಬೇಕಾದ್ರೂ ಹಾಕ್ಕೋ. ಇವತ್ತು ಈಗ್ಲೇ, ನನ್ನ ಮುಂದೇನೇ ಹಾಕ್ಕೋಬೇಕು. ಕೆರೆ ಎಲ್ಲಿಗೂ ಹೋಗಲ್ಲ, ನಾನು ಹೇಳ್ತೀನಿ ನಿನಗೆ.”

ಅವನು ಒಳಗೆ ಹೋಗಿ ಬಾಟಲಿ ತಂದ. ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. ಮಂಚದ ತುದಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು ನಾನೇ ಹಾಕಿದೆ. ನೂರಾರು ಜನಕ್ಕೆ ತೋರಿಸಿಕೊಟ್ಟ ಕೈ, ಆದರೂ ಅವತ್ತು ಗುರಿ ತಪ್ಪಿತು. ಮೊದಲ ಹನಿ ಕೆನ್ನೆಗೆ ಬಿತ್ತು. ಎರಡನೆಯದು ಸರಿಯಾಗಿ ಒಳಗೆ ಹೋಯಿತು, ಇನ್ನೊಂದು ಕಣ್ಣಿಗೂ ಹಾಕಿದೆ. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿಕೊಳ್ಳಲು ಹೇಳಿ ಕೈಗಡಿಯಾರ ನೋಡಿಕೊಂಡೆ.

ಸಿದ್ದಕ್ಕ ಗಂಟಲು ಸರಿಮಾಡಿಕೊಂಡಳು. “ಈಗ ನಮ್ಮ ಮನೆ ಮೇಲೆ ನಡುನೀರು ಬಂದಿದೆ ಕಣೋ. ಇಲ್ಲಿ ಆಳ, ಬಣ್ಣ ಗಾಢ. ಬಾಳೆ ಎಲೆ ಸುರುಳಿ ಒಳಗಿರುತ್ತಲ್ಲ, ಆ ಹಸಿರು. ತಾವರೆ ಬೇರು ಇಳಿಬಿದ್ದಿದೆ, ಒಂದಕ್ಕೊಂದು ಹೆಣೆದುಕೊಂಡು. ಒಂದು ಹಾವುಮೀನು ಅದರೊಳಗೇ ನುಸುಳ್ತಿದೆ, ತಲೆ ಆಕಡೆ ಬಂದ್ರೂ ಬಾಲ ಇನ್ನೂ ಈಕಡೆ ಇದೆ.”

“ಎಮ್ಮೆ ಅಕ್ಕ?” ಅಂದ ರುದ್ರಪ್ಪಣ್ಣ, ಕಣ್ಣು ಮುಚ್ಚಿಕೊಂಡೇ.

“ಐದಿದಾವೆ. ಎಲ್ಲಾ ಮುಂದೆ ಹೋದ್ವು. ಕೊನೇದು ಸೋಮಾರಿ, ಒಂದೊಂದು ಕಾಲು ಎತ್ತೋಕೂ ಯೋಚನೆ ಮಾಡುತ್ತೆ.”

ಅವನು ನಕ್ಕ. ನಾನು ಮೇಲೆ ನೋಡಿದೆ. ಅವಳು ಹೇಳಿದ ಬೇರು ಅಲ್ಲೇ ಇತ್ತು, ಸ್ವಲ್ಪ ಹೆಚ್ಚಾಗಿಯೇ ಇಳಿಬಿದ್ದಿತ್ತು. ಹಾವುಮೀನು ನನಗೆ ಕಾಣಲಿಲ್ಲ, ಇದ್ದರೂ ಇದ್ದೀತು. ಅವಳು ಹೇಳುತ್ತಾ ಹೋದಳು. ಏಡಿಯೊಂದು ತಳಕ್ಕೆ ಅಂಟಿಕೊಂಡು ಅಡ್ಡಡ್ಡ ಹೋಗುವುದು ಹೇಳಿದಳು, ಯಾರೋ ಬಟ್ಟೆ ಒಗೆದ ನೊರೆ ಮೋಡದ ಹಾಗೆ ಬಿಚ್ಚಿಕೊಳ್ಳುವುದು ಹೇಳಿದಳು, ನೀರಿಗಿಳಿಸಿದ ಒಂದು ಬಿಂದಿಗೆ ಗುಳುಗುಳು ತುಂಬಿಕೊಂಡು ಮೇಲಕ್ಕೆ ಹೋಗುವುದು ಹೇಳಿದಳು. ನಾನೂ ಅವಳ ಬಾಯಿಯನ್ನೇ ನೋಡುತ್ತಾ ಕೂತುಬಿಟ್ಟೆ. ಮಾರನೆಯ ದಿನ ಜರೀನಾಬಿಯ ಮನೆಯಿಂದ ಶುರುಮಾಡಿ ನಲವತ್ತಮೂರು ಮನೆಯಲ್ಲೂ ಕೂತು ಹೊಸ ಚೀಟಿ ಬರೆದೆ, ಬೈಸಿಕೊಂಡೆ, ಕೆಲವರು ಅತ್ತರು. ಅದೆಲ್ಲ ಆಮೇಲಿನ ಮಾತು.

ಸಿದ್ದಕ್ಕನ ಸೀರೆ ಮತ್ತೆ ಬಿಳಿಯಾಗಿತ್ತು. ತಲೆ ಎತ್ತಿದೆ. ಮೇಲೆ ಬರೀ ಆಕಾಶ, ಎರಡು ಕಾಗೆ. ಕೆರೆ ರೈಲ್ವೆ ಗೇಟು ದಾಟಿ ಹೋಗಿಯಾಗಿತ್ತು. ಬೀದಿಯ ಜನ ಚದುರಿದ್ದರು, ಪೇಟೆ ಕಡೆಯಿಂದ ಬಸ್ಸು ಹಾರ್ನ್ ಹೊಡೆದುಕೊಂಡು ಹೊರಟಿತ್ತು. ಸಿದ್ದಕ್ಕ ಮಾತ್ರ ಬರಿಯ ಆಕಾಶಕ್ಕೆ ಮುಖ ಕೊಟ್ಟು, ಮೀನಿನ ಮರಿಗಳು ಬಂದವು, ಅವುಗಳ ಹಿಂದೆ ಅವುಗಳ ತಾಯಿ ಬಂತು ಅನ್ನುತ್ತಲೇ ಇದ್ದಳು. ಹೇಳಲೋ ಬೇಡವೋ ಅಂತ ಒದ್ದಾಡಿದೆ. ಇಷ್ಟು ವರ್ಷ ಸುಳ್ಳು ಕೇಳಿ ಆದ ಅನಾಹುತ ಸಾಲದೇ ಅನ್ನಿಸಿ, ಅವಳ ಕಿವಿಯ ಹತ್ತಿರ ಬಾಗಿದೆ.

“ಸಿದ್ದಕ್ಕ, ಕೆರೆ ಹೋಗಿ ಆಯ್ತು.”

“ಗೊತ್ತು ಕಣೇ, ಬಸ್ಸು ಹೊರಟಿದ್ದು ನನಗೂ ಕೇಳಿಸ್ತು” ಅಂದಳು ಅವಳು, ಅಷ್ಟೇ ಮೆಲ್ಲಗೆ. “ಐದು ನಿಮಿಷ ಆಯ್ತಾ, ಅದು ಹೇಳು.”

ಗಡಿಯಾರ ನೋಡಿದೆ. “ಇನ್ನೂ ಒಂದೂವರೆ ನಿಮಿಷ ಇದೆ.”

ಅವಳು ತಮ್ಮನ ಮೊಣಕಾಲು ತಡಕಿ ಅದರ ಮೇಲೆ ಕೈಯಿಟ್ಟಳು. “ರುದ್ರ, ಕಣ್ಣು ಬಿಟ್ಟೀಯ ಮತ್ತೆ. ಹರಿಗೋಲು ಈಗ ಬರ್ತಿದೆ ಕಣೋ. ಒಳಗೆ ಯಾರೋ ಇಬ್ಬರು ಕೂತಿದಾರೆ. ತಡಿ, ಯಾರು ಅಂತ ನೋಡಿ ಹೇಳ್ತೀನಿ.”